ಜಿನೀವಾದ ನಾಲ್ಕನೆಯ ಒಪ್ಪಂದ

ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದ. 1949ರ ಆಗಸ್ಟ್ 12ರಂದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಅಂಗೀಕೃತವಾಗಿ, 1950ರ ಅಕ್ಟೋಬರ್ 21ರಿಂದ ಜಾರಿಗೆ ಬಂದಿತು. 1864ರಿಂದ ಮೊದಲ್ಗೊಂಡ ಹಿಂದಿನ ಜಿನೀವಾ ಒಪ್ಪಂದಗಳು ಗಾಯಾಳು ಯೋಧರನ್ನೂ ಯುದ್ಧಕೈದಿಗಳನ್ನೂ ಮುಖ್ಯವಾಗಿ ಲಕ್ಷಿಸಿದ್ದುದರಿಂದ, ಎರಡನೆಯ ಮಹಾಯುದ್ಧದಲ್ಲಿ ಆಯುಧವನ್ನೇ ಹಿಡಿಯದ ಕೋಟ್ಯಂತರ ಜನರು ಹತರಾದ ಬಳಿಕ, ರಾಷ್ಟ್ರಗಳು ತಡವಾಗಿಯಾದರೂ ಈ ನ್ಯೂನತೆಯನ್ನು ತುಂಬಲು ಮುಂದಾದುವು. ಇದರ 159 ವಿಧಿಗಳಲ್ಲಿ ಒತ್ತೆಯಾಳುಗಳನ್ನಿರಿಸಿಕೊಳ್ಳುವುದು, ಸಾಮೂಹಿಕ ದಂಡನೆ, ಆಕ್ರಮಿತ ಪ್ರದೇಶದ ಜನರ ಬಲಾತ್ಕಾರದ ಗಡೀಪಾರು ಮುಂತಾದುವು ನಿಷಿದ್ಧವಾಗಿವೆ. 23ನೆಯ ವಿಧಿಯಂತೂ 15 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿ ಬಾಣಂತಿಯರಿಗೂ ಅವಶ್ಯಕವಾದ ಆಹಾರ, ಬಟ್ಟೆ, ಪುಷ್ಟಿಕರ ಔಷಧಗಳನ್ನು, ಅವು ಶತ್ರುಪಕ್ಷದವರಿಗೇ ಸೇರತಕ್ಕವಾದರೂ, ತಡೆಯದೆ ಸಾಗಗೊಡಬೇಕೆಂದು ವಿಧಿಸುತ್ತದೆ. ಆದರೆ ದುರುಪಯೋಗದ ಶಂಕೆಯಿರಬಾರದೆಂಬ ಷರತ್ತು, ದಿಗ್ಬಂಧನ ಹೂಡಿದವರಿಗೆ ನೆಪವಾಗಿ ಒದಗಬಲ್ಲುದು. ಭಾರತವು ಈ ಒಪ್ಪಂದವನ್ನು 1950ರಲ್ಲಿ ಸ್ಥಿರೀಕರಿಸಿ, 1960ರಲ್ಲಿ ಪ್ರತ್ಯೇಕ ಶಾಸನವನ್ನು ರಚಿಸಿತು.