ಗಣಕದ ತಾಪ: ಒಂದು ಕಿರು ಇತಿಹಾಸ

ಶಕ್ತಿಶಾಲಿ ಪ್ರೊಸೆಸರ್ ಇರುವ ಗಣಕಕ್ಕೆ ಗಾಳಿಯ ಕೂಲರ್ ಒಳ್ಳೆಯದೋ ನೀರಿನದೋ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ವಹನ, ಸಂವಹನ, ವಿಕಿರಣಗಳನ್ನು ವರ್ಷಗಟ್ಟಲೆ ಬೋಧಿಸಿದ ನನಗೆ, ಈ ಪ್ರಶ್ನೆಯನ್ನು ಇತಿಹಾಸದ ಮುಂದಿಡುವುದೇ ಉಚಿತವೆಂದು ತೋರಿತು.

ಗಣಕವು ಬಳಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗುತ್ತದೆ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ಪರಿಚಯಿಸಲಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಆ ಶಾಖವನ್ನು ಹೊರದೂಡಲು ಗಾಳಿಯಂತ್ರಗಳನ್ನು ಅಳವಡಿಸಿದ್ದರು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿಯಾದರೋ, ವಿದ್ಯುತ್ತನ್ನು ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಬಿಡಿಭಾಗಗಳನ್ನೇ ಮುಳುಗಿಸಿಟ್ಟಿದ್ದರು.

ಮೇಜಿನ ಗಣಕಕ್ಕೆ ಮೊದಲು ಈ ಚಿಂತೆಯಿರಲಿಲ್ಲ. 1981ರ ಐಬಿಎಂ ಪಿಸಿಯ 8088 ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಕೂಡ ಇರಲಿಲ್ಲ. 1993ರಲ್ಲಿ ಬಂದ ಪೆಂಟಿಯಂನ ಕಾಲಕ್ಕೆ ಹೀಟ್‌ಸಿಂಕ್, ಫ್ಯಾನ್‌ಗಳೆರಡೂ ವಾಡಿಕೆಯಾದವು. ಟ್ರಾನ್ಸಿಸ್ಟರುಗಳು ಕಿರಿದಾದಂತೆ ಅವುಗಳ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಒಂದು ಚದರ ಸೆಂಟಿಮೀಟರಿನ ಶಾಖ ಹೆಚ್ಚುವುದಿಲ್ಲವೆಂದು 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ತೋರಿಸಿದ್ದರು. ವಿದ್ಯುತ್ ಸೋರಿಕೆಯಿಂದಾಗಿ ವೋಲ್ಟೇಜನ್ನು ಇನ್ನಷ್ಟು ಇಳಿಸಲಾಗದೆ, 2004ರ ವೇಳೆಗೆ ಆ ಸೂತ್ರ ಕೈಕೊಟ್ಟಿತು. ಆ ವರ್ಷದ ಪ್ರೆಸ್ಕಾಟ್ ಪೆಂಟಿಯಂ 4ರ ವೇಗದ ಮಾದರಿಗಳು 100 ವ್ಯಾಟ್ ಮೀರಿದವು. ಅಕ್ಟೋಬರಿನಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. 2006ರ ಕೋರ್ 2 ಡ್ಯುಯೋ 65 ವ್ಯಾಟಿನಲ್ಲಿಯೇ ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ಗೆದ್ದದ್ದು ದೊಡ್ಡ ಕೂಲರ್ ಅಲ್ಲ, ಕಡಿಮೆ ಶಾಖ.

ತಂಪು ಸಾಲದಿದ್ದರೆ ಆಗುವುದೇನು? 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣದವರು ಓಡುತ್ತಿರುವ ಗಣಕದಿಂದ ಹೀಟ್‌ಸಿಂಕನ್ನು ಕಿತ್ತು ನೋಡಿದರು. ಎಎಂಡಿ ಅಥ್ಲಾನ್ ಕ್ಷಣಾರ್ಧದಲ್ಲಿ ಸುಟ್ಟುಹೋಯಿತು. ಪೆಂಟಿಯಂ 4 ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಉಳಿಯಿತು. ಈಗಿನ ಪ್ರೊಸೆಸರುಗಳೆಲ್ಲ ಎರಡನೆಯ ದಾರಿಯನ್ನೇ ಹಿಡಿಯುತ್ತವೆ. ಆದುದರಿಂದ ದುರ್ಬಲ ಕೂಲರಿನಿಂದ ಯಂತ್ರ ಸುಡುವುದಿಲ್ಲ. ಹಣ ಕೊಟ್ಟು ಪಡೆದ ವೇಗ ಸದ್ದಿಲ್ಲದೆ ಕೈತಪ್ಪುತ್ತದೆ.

ಗಾಳಿಯ ಕೂಲರ್ ಎಂಬ ಹೆಸರೂ ಅರ್ಧಸತ್ಯವೇ. ಅದರ ತಾಮ್ರದ ಹೀಟ್‌ಪೈಪುಗಳೊಳಗೆ ತುಸು ದ್ರವವಿರುತ್ತದೆ. ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗಿ, ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವ ರೀತಿಯಲ್ಲಿಯೇ ಅದು ಹಿಂದಿರುಗುತ್ತದೆ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ನಿರ್ಮಿಸಿ ತೋರಿಸಿದರು. ಇದರಲ್ಲಿ ಕೆಡಬಹುದಾದುದು ಫ್ಯಾನ್ ಮಾತ್ರ. ನೀರಿನ ಕೂಲರಿನಲ್ಲಿ ಪಂಪು ನಿಲ್ಲಬಹುದು, ಅಪರೂಪಕ್ಕೆ ಸೋರಲೂಬಹುದು. 2004ರಲ್ಲಿ ದ್ರವದ ತಂಪಿನೊಂದಿಗೆ ಬಂದ ಆಪಲ್‌ನ ಪವರ್ ಮ್ಯಾಕ್ ಜಿ5ಗಳಲ್ಲಿ ಕೆಲವು ಮುಂದೆ ಹೀಗೆ ಸೋರಿ ಕೆಟ್ಟವು. ಆದರೆ ಶಾಖವನ್ನು ವಿಶಾಲವಾದ ರೇಡಿಯೇಟರಿಗೆ ಸಾಗಿಸುವುದು ನೀರಿನ ನಿಜವಾದ ಗುಣ. ಎರಡೂ ಶಾಖವನ್ನು ಕೋಣೆಯ ಗಾಳಿಗೇ ಬಿಡುವುದರಿಂದ, ಯಾವುದೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗಾಗಿಸದು.

ಹಾಗಾಗಿ ಮೊದಲು ವ್ಯಾಟುಗಳನ್ನು ನೋಡಬೇಕು. 65 ವ್ಯಾಟಿಗೆ ಚಿಕ್ಕ ಕೂಲರ್ ಸಾಕು. ಅದರ ಎರಡರಷ್ಟಕ್ಕೆ ಹೀಟ್‌ಪೈಪುಗಳ ಒಳ್ಳೆಯ ಗೋಪುರ ಬೇಕು. 2022ರ ಕೋರ್ ಐ9-13900ಕೆ 253 ವ್ಯಾಟಿನವರೆಗೆ ಏರುತ್ತದೆ. ಅಂಥದನ್ನು ಗಂಟೆಗಟ್ಟಲೆ ಪೂರ್ಣ ದುಡಿಸುವವರಿಗೆ 360 ಮಿಲಿಮೀಟರ್ ರೇಡಿಯೇಟರಿನ ನೀರಿನ ಕೂಲರ್ ಸಾರ್ಥಕ. ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನ ಒಳಅಳತೆಯನ್ನೂ ಗಾಳಿ ಬಂದುಹೋಗುವ ದಾರಿಯನ್ನೂ ಗಮನಿಸತಕ್ಕದ್ದು. ಇವೆಲ್ಲದರ ಮೇಲೆ, ಬಯಾಸ್‌ನಲ್ಲಿ ವಿದ್ಯುತ್ತಿನ ಮಿತಿಯನ್ನು ಸ್ವಲ್ಪ ತಗ್ಗಿಸಿದರೆ ವೇಗ ಕೊಂಚವೇ ಇಳಿದು ಶಾಖ ಬಹಳ ಇಳಿಯುತ್ತದೆ. ಇಂಟೆಲ್ 2004ರಲ್ಲಿ ದುಬಾರಿ ಬೆಲೆ ತೆತ್ತು ಕಲಿತ ಈ ಪಾಠ ನಮಗೆ ಬಿಟ್ಟಿಯಾಗಿಯೇ ದೊರೆತಿದೆ.