ಸೊಡರು, ಗಾಣ ಮತ್ತು ಸೀಮೆಎಣ್ಣೆ

ಮನೆಯಲ್ಲಿ ಒಂದು ಎಣ್ಣೆದೀಪ ಮಾಡಿಕೊಳ್ಳುವುದು ದೊಡ್ಡ ವಿದ್ಯೆಯೇನೂ ಅಲ್ಲ. ಮಣ್ಣಿನ ಹಣತೆ, ಹೊಸೆದ ಹತ್ತಿಯ ಬತ್ತಿ, ಎರಡು ಚಮಚ ಎಣ್ಣೆ ಇದ್ದರೆ ಸಾಕು. ಹೊಸ ಹಣತೆಯನ್ನು ಮೊದಲು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಕೊಳ್ಳಬೇಕು. ಇಲ್ಲದಿದ್ದರೆ ಬತ್ತಿಗಿಂತ ಮೊದಲು ಮಣ್ಣೇ ಎಣ್ಣೆ ಕುಡಿಯುತ್ತದೆ. ಬತ್ತಿಯನ್ನು ಪೂರ್ತಿ ಎಣ್ಣೆಯಲ್ಲಿ ಅದ್ದಿ, ತುದಿಯನ್ನು ಅಂಚಿನಿಂದ ಎಳ್ಳಷ್ಟು ಹೊರಗೆ ಚಾಚಿ ಹಚ್ಚಬೇಕು. ತುದಿ ಉದ್ದವಾದರೆ ಬೆಳಕಿಗಿಂತ ಹೊಗೆಯೇ ಹೆಚ್ಚು.

ಇಷ್ಟು ಸರಳವಾದ ವಸ್ತುವಿನ ಆಕಾರ ಶತಮಾನಗಳುದ್ದಕ್ಕೂ ಬದಲಾಗಲಿಲ್ಲವೇಕೆ ಎಂಬುದು ಯೋಚಿಸತಕ್ಕ ವಿಷಯ. ಹಣತೆ ಎಂದೂ ಆಳವಾಗಿರುವುದಿಲ್ಲ. ಕಾರಣ ಎಣ್ಣೆಯಲ್ಲೇ ಇದೆ. ಉರಿಯುವುದು ಎಣ್ಣೆಯ ದ್ರವವಲ್ಲ, ಬತ್ತಿಯ ತುದಿಯಲ್ಲಿ ಕಾದು ಏಳುವ ಅದರ ಆವಿ. ಎಳ್ಳು, ಹರಳು, ಹೊಂಗೆ, ಹಿಪ್ಪೆಯ ಎಣ್ಣೆಗಳು ಮಂದವಾದ್ದರಿಂದ ಬತ್ತಿಯ ಎಳೆಗಳಲ್ಲಿ ಹೆಚ್ಚು ಮೇಲೇರಲಾರವು. ಜ್ವಾಲೆ ಎಣ್ಣೆಯ ಮಟ್ಟಕ್ಕೆ ಹತ್ತಿರದಲ್ಲೇ ಇರಬೇಕು. ನಮ್ಮ ಕುಂಬಾರರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು.

ದೀಪ ಅಗ್ಗ, ಎಣ್ಣೆ ಮಾತ್ರ ಅಗ್ಗವಲ್ಲ. ಇದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಹಳಗನ್ನಡದಲ್ಲಿ ದೀಪಕ್ಕೆ ‘ಸೊಡರು’ ಎಂಬ ಸೊಗಸಾದ ಹೆಸರಿದೆ. ದೇವಾಲಯದ ಸೊಡರಿಗೆ, ಆರದೆ ಉರಿಯಬೇಕಾದ ನಂದಾದೀವಿಗೆಗೆ ಭೂಮಿ ಬಿಟ್ಟವರು, ಗಾಣವನ್ನೇ ದಾನ ಮಾಡಿದವರು, ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಎಂದು ಗೊತ್ತುಮಾಡಿದವರು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳಲ್ಲಿ ಎಣ್ಣೆ ತೆಗೆಯುವ ತೆಲ್ಲಿಗರ ‘ಐವತ್ತೊಕ್ಕಲು’ ಎಂಬ ಸಂಘಟನೆಯ ಉಲ್ಲೇಖವಿದೆ. ಒಂದು ದೀಪ ಆರದಂತೆ ನೋಡಿಕೊಳ್ಳಲು ಹೊಲ, ಗಾಣ, ಎತ್ತು, ಒಕ್ಕಲು ಎಲ್ಲವೂ ದುಡಿಯಬೇಕಿತ್ತು ಎಂದಾಗ, ಬಡವರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದುದು ಏಕೆಂದು ಬೇರೆ ಹೇಳಬೇಕಾಗಿಲ್ಲ. (ಅದನ್ನು ಆರೋಗ್ಯದ ನಿಯಮವೆಂದು ಹೊಗಳುವವರು ಎಣ್ಣೆಯ ಲೆಕ್ಕವನ್ನು ಮರೆಯುತ್ತಾರೆ.)

ಈ ಲೆಕ್ಕವನ್ನು ಬದಲಿಸಿದ್ದು ಸೀಮೆಎಣ್ಣೆ. 1853ರಲ್ಲಿ ಇಂದಿನ ಉಕ್ರೇನ್‌ಗೆ ಸೇರಿದ ಲ್ವೀವ್ ನಗರದ ಆಸ್ಪತ್ರೆಯೊಂದರಲ್ಲಿ, ಔಷಧ ತಯಾರಕ ಇಗ್ನಾಸಿ ಲುಕಾಸಿಯೆವಿಚ್ ರೂಪಿಸಿದ ಸೀಮೆಎಣ್ಣೆ ದೀಪ ಶಸ್ತ್ರಚಿಕಿತ್ಸೆಗೆ ಬೆಳಕು ಕೊಟ್ಟಿತು. ಹೊಸ ಎಣ್ಣೆ ತೆಳು. ಬತ್ತಿಯಲ್ಲಿ ಎತ್ತರಕ್ಕೆ ಏರಬಲ್ಲದು. ಆದ್ದರಿಂದ ಎಣ್ಣೆ ಕೆಳಗೆ, ಜ್ವಾಲೆ ಮೇಲೆ ಎಂಬ ಹೊಸ ಆಕಾರ ಬಂತು. ನಮ್ಮಲ್ಲಿ ಅದು ಬುಡ್ಡಿದೀಪವಾಯಿತು, ಉತ್ತರ ಕರ್ನಾಟಕದಲ್ಲಿ ಚಿಮಣಿಯಾಯಿತು, ಗಾಜಿನ ಬುರುಡೆ ತೊಟ್ಟು ಲಾಟೀನು, ಕಂದೀಲು ಆಯಿತು. ಖಾಲಿ ಶೀಶೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ತೂರಿಸಿದ ದೀಪದ ಮುಂದೆ ಓದಿದವರು ನಮ್ಮ ನಡುವೆ ಇನ್ನೂ ಇದ್ದಾರೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದ ಮೇಲೂ ಹಳ್ಳಿಗಳ ರಾತ್ರಿ ಬಹುಕಾಲ ಈ ಬುಡ್ಡಿಯದೇ ಆಗಿತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಣತೆಗೆ ಸೀಮೆಎಣ್ಣೆ ಸುರಿಯಬಾರದು. ಅಡುಗೆಯ ಎಣ್ಣೆಗಳು ಬೆಂಕಿ ಹತ್ತುವಷ್ಟು ಆವಿ ಕೊಡಬೇಕಾದರೆ 200 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಬೇಕು. ಸೀಮೆಎಣ್ಣೆಗೆ 40 ಡಿಗ್ರಿಯ ಆಸುಪಾಸು ಸಾಕು. ಬಾಯಿ ತೆರೆದ ಹಣತೆಯಲ್ಲಿ ಬತ್ತಿಯಷ್ಟೇ ಅಲ್ಲ, ಇಡೀ ತಟ್ಟೆಯೇ ಹೊತ್ತಿಕೊಳ್ಳಬಹುದು. ಎಳ್ಳೆಣ್ಣೆಯ ಹಣತೆ ಉರುಳಿದರೆ ಹೆಚ್ಚಾಗಿ ನೆಲ ಜಿಡ್ಡಾಗುತ್ತದೆ. ಬುಡ್ಡಿ ಉರುಳಿ ಸುಟ್ಟುಹೋದ ಗುಡಿಸಲುಗಳ ಕಥೆ ಮಾತ್ರ ಬೇರೆ.

ಮರಳಿ ಗಾಣಕ್ಕೆ ಬರೋಣ. ನಮ್ಮ ಹಲವು ಊರುಗಳಲ್ಲಿ ಹಳೆಯ ಗಾಣದ ಕಲ್ಲುಗಳು ಹೊಲದ ಬದುವಿನಲ್ಲಿ ಹೂತು, ದನಗಳ ನೀರಿನ ತೊಟ್ಟಿಯಾಗಿ ಬಿದ್ದಿವೆ. ಅವುಗಳಲ್ಲಿ ಕೆಲವದರ ಮೇಲೆ ದಾನದ ಶಾಸನವೇ ಕೆತ್ತಿರುತ್ತದೆ. ನಿಮ್ಮ ಊರಿನಲ್ಲಿ ಅಂಥ ಕಲ್ಲಿದ್ದರೆ ಉಜ್ಜಿ ಕೆರೆಯಲು ಹೋಗಬೇಡಿ. ಕತ್ತಲಾದ ಮೇಲೆ ದೀಪವೊಂದನ್ನು ಕಲ್ಲಿನ ಪಕ್ಕದಲ್ಲಿ, ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಕಾಣದ ಅಕ್ಷರಗಳ ತಗ್ಗಿನಲ್ಲಿ ನೆರಳು ತುಂಬಿಕೊಳ್ಳುತ್ತದೆ, ಸಾಲು ಸಾಲಾಗಿ ಓದಲು ಬರುತ್ತದೆ.