ಸಾವಿನ ಸುತ್ತು, ಬದುಕಿನ ಸುತ್ತು

ಲೆನಿನ್‌ಗ್ರಾಡ್‌ನ ಒಲೆಗ್ ಪ್ರೊಟೊಪೊಪೊವ್ ಎಂಬ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಮಂಜುಗಡ್ಡೆಯ ಮೇಲೆ ಜೋಡಿಯಾಗಿ ನರ್ತಿಸುವ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಆತ 1964ರಲ್ಲಿ ಒಮ್ಮೆ, 1968ರಲ್ಲಿ ಮತ್ತೊಮ್ಮೆ ಒಲಿಂಪಿಕ್ಸ್‌ನ ಚಿನ್ನದ ಪದಕವನ್ನು ಗೆದ್ದವನು. ಎರಡು ಸಲವೂ ಅವನ ಕೈ ಹಿಡಿದು ಗೆದ್ದವಳು ಮಡದಿ ಲುಡ್ಮಿಲಾ ಬೆಲೂಸೊವಾ. ನಾನು ಈ ಕ್ರೀಡೆಯ ಒಳಹೊರಗನ್ನು ಬಲ್ಲವನಲ್ಲ. ಓದಿದ್ದು ಕನ್ನಡ ಕಾವ್ಯ, ನಾಲ್ಕು ಮಂದಿಗೆ ಪಾಠ ಹೇಳಿದ್ದೂ ಅದನ್ನೇ. ಆದರೂ ಈ ದಂಪತಿಗಳ ವೃತ್ತಾಂತವನ್ನು ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅದು ಅವರು ಗೆದ್ದ ಪದಕವಲ್ಲ, ಇಟ್ಟ ಹೆಸರು. ಅದನ್ನು ಹೇಳಬೇಕಾದರೆ ಸ್ಕೇಟಿಂಗಿನ ವ್ಯಾಕರಣವನ್ನು ಸ್ವಲ್ಪ ಹೇಳದೆ ವಿಧಿಯಿಲ್ಲ.

ಸ್ಕೇಟಿನ ಅಡಿಯಲ್ಲಿರುವ ಉಕ್ಕಿನ ಅಲಗು ಚೂರಿಯ ಅಲಗಿನಂತೆ ಒಂದೇ ಅಂಚಿನದಲ್ಲ. ಅದರ ನಡುವೆ ಉದ್ದಕ್ಕೂ ಒಂದು ಸಣ್ಣ ಕೊರೆತವಿರುತ್ತದೆ. ಅದರಿಂದಾಗಿ ಒಳಗಿನದೊಂದು, ಹೊರಗಿನದೊಂದು ಹೀಗೆ ಎರಡು ಅಂಚುಗಳಾಗುತ್ತವೆ. ಮೈಯನ್ನು ವಾಲಿಸಿ ಒಂದು ಅಂಚಿನ ಮೇಲೆ ಜಾರಿದರೆ ಮಂಜಿನ ಮೇಲೆ ಬಿಲ್ಲಿನಂತೆ ಬಾಗಿದ ಗೆರೆ ಮೂಡುತ್ತದೆ. ಮುಂದಕ್ಕೂ ಜಾರಬಹುದು, ಹಿಂದಕ್ಕೂ ಜಾರಬಹುದು. ಎರಡು ಅಂಚು, ಎರಡು ದಿಕ್ಕು. ಒಟ್ಟು ನಾಲ್ಕು ಬಗೆ. ಇನ್ನು ಜೋಡಿ ಸ್ಕೇಟಿಂಗಿನ ಅತ್ಯಂತ ರೋಮಾಂಚಕಾರಿಯಾದ ಒಂದು ಭಂಗಿ ಉಂಟು. ಗಂಡಸು ಒಂದು ಕಾಲಿನ ತುದಿಯನ್ನು ಮಂಜಿಗೆ ನಾಟಿ, ಕೈವಾರದ ಮುಳ್ಳಿನಂತೆ ನಿಂತಲ್ಲೇ ತಿರುಗುತ್ತಾನೆ. ಅವನ ಒಂದು ಕೈಯನ್ನು ಹಿಡಿದ ಹೆಂಗಸು, ಒಂದೇ ಅಂಚಿನ ಮೇಲೆ ಮೈಯನ್ನು ನೆಲಕ್ಕೆ ಸಮನಾಗಿ ಚಾಚಿ ಅವನ ಸುತ್ತ ಸುತ್ತುತ್ತಾಳೆ. ತಲೆಗೂ ಮಂಜಿಗೂ ನಡುವೆ ಗೇಣುದ್ದವೂ ಅಂತರವಿರುವುದಿಲ್ಲ. ಕೈ ಜಾರಿದರೆ ಏನಾದೀತೆಂದು ಹೇಳಬೇಕಾಗಿಲ್ಲ. ಆದ್ದರಿಂದಲೇ ಅದಕ್ಕೆ ಸಾವಿನ ಸುತ್ತು ಎಂದು ಹೆಸರು.

ಬರ್ಲಿನ್ನಿನ ಷಾರ್ಲಟ್ ಎಂಬ ಪ್ರಸಿದ್ಧ ನರ್ತಕಿ 1920ರ ದಶಕದಲ್ಲಿ ಇದನ್ನು ಪ್ರದರ್ಶನಗಳಲ್ಲಿ ಬಳಕೆಗೆ ತಂದಳೆಂದು ಹೇಳುತ್ತಾರೆ. ಬಹುಕಾಲ ಎಲ್ಲರೂ ಮಾಡುತ್ತಿದ್ದುದು ನಾಲ್ಕು ಬಗೆಗಳಲ್ಲಿ ಒಂದನ್ನೇ. ಹೊರಗಿನ ಅಂಚಿನ ಮೇಲೆ ಹಿಂದಕ್ಕೆ ಜಾರುವುದನ್ನು. ಉಳಿದ ಮೂರು ಮನೆಗಳು ಖಾಲಿಯಾಗಿದ್ದವು. ಅವು ಖಾಲಿಯಾಗಿವೆಯೆಂದು ಕಂಡುಕೊಂಡು, 1960ರ ದಶಕದಲ್ಲಿ ಒಂದೊಂದನ್ನಾಗಿ ತುಂಬಿದವರು ಪ್ರೊಟೊಪೊಪೊವ್ ದಂಪತಿಗಳು. ಒಳ ಅಂಚಿನ ಮೇಲೆ ಹಿಂದಕ್ಕೆ ಜಾರುವುದಕ್ಕೆ ಅವರು ವಿಶ್ವದ ಸುತ್ತು ಎಂದು ಹೆಸರಿಟ್ಟರು. ಗಗಾರಿನ್ 1961ರಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದ ದಶಕವಲ್ಲವೆ ಅದು! ಒಳ ಅಂಚಿನ ಮೇಲೆ ಮುಂದಕ್ಕೆ ಜಾರುವುದು ಬದುಕಿನ ಸುತ್ತು. ಹೊರ ಅಂಚಿನ ಮೇಲೆ ಮುಂದಕ್ಕೆ ಜಾರುವುದು ಒಲವಿನ ಸುತ್ತು. ಅಪಾಯವೇನೋ ಮೊದಲಿನಷ್ಟೇ. ಹೆಸರು ಮಾತ್ರ ಬೇರೆಯಾಯಿತು. ಹೆಸರಿನಲ್ಲೇನಿದೆ ಎನ್ನುವವರು ಉಂಟು. ಜೀವಮಾನವೆಲ್ಲ ಶಬ್ದಗಳೊಂದಿಗೆ ಕಳೆದ ನನ್ನಂಥವನು ಆ ಮಾತನ್ನು ಒಪ್ಪಲಾರ. ಸಾವೆಂಬ ಹೆಸರಿಗೆ ಎದುರಾಗಿ ಬದುಕೆಂಬ ಹೆಸರನ್ನು ನಿಲ್ಲಿಸಿದವನು ಯಾರು, ಎಲ್ಲಿಂದ ಬಂದವನು ಎಂಬುದನ್ನು ನೋಡಬೇಕು.

ಒಲೆಗ್ ಹುಟ್ಟಿದ್ದು 1932ರ ಜುಲೈ 16ರಂದು, ಲೆನಿನ್‌ಗ್ರಾಡ್‌ನಲ್ಲಿ. ತಾಯಿ ಬ್ಯಾಲೆ ನರ್ತಕಿ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಆ ನಗರವನ್ನು ಮುತ್ತಿದಾಗ ಅವನಿಗೆ ಒಂಬತ್ತು ವರ್ಷ. ಮುತ್ತಿಗೆ ತೆರವಾದದ್ದು 1944ರ ಜನವರಿ 27ರಂದು; 872 ದಿನಗಳು. ಮೊದಲ ಚಳಿಗಾಲದಲ್ಲಿ, ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ, ಮಕ್ಕಳಿಗೆ ದಿನಕ್ಕೆ ಸಿಗುತ್ತಿದ್ದ ರೊಟ್ಟಿಯ ಪಾಲು 125 ಗ್ರಾಂ. ಆ ರೊಟ್ಟಿಯಲ್ಲೂ ಹಿಟ್ಟಿಗಿಂತ ಬೆರಕೆಯೇ ಹೆಚ್ಚು. ಹಸಿವಿನಿಂದಲೂ ಚಳಿಯಿಂದಲೂ ಸತ್ತವರನ್ನು ಮಕ್ಕಳಾಡುವ ಸ್ಲೆಡ್ಜ್ ಬಂಡಿಗಳ ಮೇಲೆ ಮಲಗಿಸಿ, ಮಂಜಿನ ಬೀದಿಗಳಲ್ಲಿ ಎಳೆದೊಯ್ಯುತ್ತಿದ್ದರು. ಆ ಹುಡುಗ ಮಂಜಿನ ಮೇಲೆ ಮೊದಲು ಕಂಡ ಸಾವು ಯಾವ ಬಗೆಯದೆಂದು ಇದರಿಂದ ಊಹಿಸಬಹುದು. ಅವನ ಮಲತಂದೆ ಡ್ಮಿಟ್ರಿ ತ್ಸೆನ್ಸೊರ್ ಒಬ್ಬ ಕವಿ. ಕವಿಯೂ ನರ್ತಕಿಯೂ ಇದ್ದ ಮನೆಯಲ್ಲಿ ಬೆಳೆದವನ ಕಾಲಿಗೆ ಲಯ ಒಲಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯಪಡಬೇಕಾದದ್ದು ಆತ ಸ್ಕೇಟಿಂಗನ್ನು ಆರಂಭಿಸಿದ ವಯಸ್ಸಿನ ಬಗ್ಗೆ. ಆಗ ಅವನಿಗೆ ಹದಿನೈದು. ಈ ವಿದ್ಯೆಗೆ ಐದಾರು ವರ್ಷದ ಮಕ್ಕಳನ್ನು ಹಚ್ಚುವುದು ವಾಡಿಕೆ. ಲುಡ್ಮಿಲಾಳದು ಇನ್ನೂ ತಡ. ವೋಲ್ಗಾ ತೀರದ ಉಲ್ಯಾನೊವ್ಸ್ಕ್‌ನಲ್ಲಿ 1935ರ ನವೆಂಬರ್ 22ರಂದು ಹುಟ್ಟಿದ ಆಕೆ ಸ್ಕೇಟ್ ಕಟ್ಟಿದ್ದು ಹದಿನಾರರಲ್ಲಿ. 1954ರಲ್ಲಿ ಮಾಸ್ಕೋದ ಒಂದು ತರಬೇತಿ ಶಿಬಿರದಲ್ಲಿ ಅವರ ಭೇಟಿಯಾಯಿತು. ಆತ ಆಗ ನೌಕಾದಳದಲ್ಲಿದ್ದ. ಆಕೆ ಮುಂದೆ ಲೆನಿನ್‌ಗ್ರಾಡ್‌ಗೆ ಬಂದು ರೈಲ್ವೆ ಎಂಜಿನಿಯರಿಂಗ್ ಓದಿದಳು. 1957ರಲ್ಲಿ ಮದುವೆಯಾಯಿತು. ಆಕೆ ತವರಿನ ಹೆಸರನ್ನು ಬಿಡಲಿಲ್ಲ. ಆದರೂ ಜಗತ್ತು ಇಬ್ಬರನ್ನೂ ಪ್ರೊಟೊಪೊಪೊವರು ಎಂದೇ ಕರೆಯಿತು. 1960ರ ಒಲಿಂಪಿಕ್ಸ್‌ನಲ್ಲಿ ಅವರಿಗೆ ದೊರೆತದ್ದು ಒಂಬತ್ತನೆಯ ಸ್ಥಾನ. ಅಲ್ಲಿಂದ ಮುಂದೆ ಬಹುಮಟ್ಟಿಗೆ ತಮಗೆ ತಾವೇ ಗುರುಗಳಾದರು. ಸಂಗೀತವನ್ನು ಆರಿಸುವುದು, ಹೆಜ್ಜೆಗಳನ್ನು ಹೆಣೆಯುವುದು, ತಿದ್ದುವುದು ಎಲ್ಲವೂ ಅವರದೇ.

1964ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಗೆಲ್ಲುವರೆಂದು ಎಲ್ಲರೂ ನಂಬಿದ್ದವರು ಪಶ್ಚಿಮ ಜರ್ಮನಿಯ ಕಿಲಿಯಸ್ ಮತ್ತು ಬಾಯ್ಮ್ಲರ್ ಜೋಡಿ. ತೀರ್ಪುಗಾರರು ಎರಡು ಪಂಗಡವಾಗಿ, ಕೂದಲೆಳೆಯ ಅಂತರದಲ್ಲಿ ಚಿನ್ನ ರಷ್ಯನ್ನರ ಪಾಲಾಯಿತು. ಸೋವಿಯತ್ ಒಕ್ಕೂಟಕ್ಕೆ ಈ ಕಲೆಯಲ್ಲಿ ಅದೇ ಮೊದಲ ಒಲಿಂಪಿಕ್ಸ್ ಚಿನ್ನ. (ಚಕ್ರವರ್ತಿಗಳ ಕಾಲದ ರಷ್ಯಕ್ಕೆ 1908ರಲ್ಲೇ ನಿಕೊಲಾಯ್ ಪಾನಿನ್ ಒಂದನ್ನು ತಂದುಕೊಟ್ಟಿದ್ದ, ಆದರೆ ಅದು ಮಂಜಿನ ಮೇಲೆ ಅಲಗಿನಿಂದ ಚಿತ್ರ ಬರೆಯುವ ಸ್ಪರ್ಧೆಗೆ.) ಅದೇ ವರ್ಷ ಡಾರ್ಟ್‌ಮುಂಡ್‌ನ ವಿಶ್ವ ಸ್ಪರ್ಧೆಯಲ್ಲಿ ಜರ್ಮನ್ನರು ಸೇಡು ತೀರಿಸಿಕೊಂಡರು. ಆಮೇಲೆ 1965ರಿಂದ 1968ರವರೆಗೆ ಸತತವಾಗಿ ನಾಲ್ಕು ವರ್ಷ ವಿಶ್ವ ಚಾಂಪಿಯನ್ನರು ಪ್ರೊಟೊಪೊಪೊವರೇ.

ಗ್ರೆನೋಬಲ್‌ನಲ್ಲಿ 1968ರಲ್ಲಿ ಎರಡನೆಯ ಚಿನ್ನ ಗೆದ್ದಾಗ ಆತನಿಗೆ ಮೂವತ್ತೈದು, ಆಕೆಗೆ ಮೂವತ್ತೆರಡು. ಆ ನರ್ತನದ ಚಿತ್ರ ಉಳಿದಿದೆ. ನಾನು ಅದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಮೊದಲು ಗಮನಕ್ಕೆ ಬರುವುದು ಅವಸರವಿಲ್ಲದಿರುವುದು. ಉಳಿದವರಿಗೆ ಸಂಗೀತವೆಂದರೆ ಹಿನ್ನೆಲೆ. ಇವರಿಗೆ ಅದು ನೆಲ. ಬೀಥೋವನ್, ಲಿಸ್ಟ್, ರಖ್ಮಾನಿನೊವ್ ಮುಂತಾದವರ ಕೃತಿಗಳನ್ನು ಆರಿಸಿಕೊಂಡು, ಒಂದು ಸ್ವರ ಮುಗಿಯುವವರೆಗೂ ಒಂದು ಗೆರೆಯನ್ನು ಮುಗಿಯಗೊಡುವುದಿಲ್ಲ. ಆಕೆಯನ್ನು ಆತ ಮೇಲೆತ್ತುವಾಗ ಬಲಪ್ರದರ್ಶನವೆನಿಸುವುದಿಲ್ಲ. ಆಕೆ ತಾನಾಗಿ ಎದ್ದಂತೆ ತೋರುತ್ತದೆ. ನಮ್ಮ ಶಾಸ್ತ್ರಕಾರರ ಮಾತಿನಲ್ಲಿ ಹೇಳುವುದಾದರೆ ಅದು ಲಾಸ್ಯ.

ಲಾಸ್ಯದ ಬೆನ್ನಿಗೇ ತಾಂಡವವೂ ಬಂದಿತು. 1969ರಲ್ಲಿ ಗಾರ್ಮಿಷ್‌ನ ಯುರೋಪಿಯನ್ ಸ್ಪರ್ಧೆಯಲ್ಲಿ ಐರಿನಾ ರೊಡ್ನಿನಾ ಎಂಬ ಹತ್ತೊಂಬತ್ತರ ಹುಡುಗಿ, ಅಲೆಕ್ಸಿ ಉಲಾನೊವ್‌ನೊಡನೆ, ಮಿಂಚಿನ ವೇಗದಲ್ಲಿ ನರ್ತಿಸಿ ಇವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದಳು. ಕೊಲರಾಡೊ ಸ್ಪ್ರಿಂಗ್ಸ್‌ನ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ. ಮರುವರ್ಷ ರಾಷ್ಟ್ರೀಯ ಸ್ಪರ್ಧೆಯಲ್ಲಿಯೇ ನಾಲ್ಕನೆಯವರಾಗಿ ತಂಡದಿಂದ ಹೊರಗೆ. 1972ರ ಸಪ್ಪೊರೊ ಒಲಿಂಪಿಕ್ಸ್‌ಗೆ ಅವರನ್ನು ಕಳಿಸಲಿಲ್ಲ. ತಮಗೆ ಅನ್ಯಾಯವಾಯಿತೆಂದು ಒಲೆಗ್ ಕೊನೆಯವರೆಗೂ ನಂಬಿದ್ದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ರೊಡ್ನಿನಾ ಸಾಮಾನ್ಯಳಲ್ಲ, ಮೂರು ಒಲಿಂಪಿಕ್ಸ್ ಚಿನ್ನ, ಹತ್ತು ವಿಶ್ವ ಪ್ರಶಸ್ತಿಗಳನ್ನು ಯಾರೂ ದಾನ ಕೊಡುವುದಿಲ್ಲ. ಆದರೆ ಒಂದು ಮಾತು ನಿಜ. ಹೊಸ ಕಾವ್ಯಮಾರ್ಗ ಬಂದಾಗ ಹಳೆಯ ಕವಿ ಬರೆಯುತ್ತಲೇ ಇರಬಹುದು; ಅವನ ಕೈಯಿಂದ ಲೇಖನಿಯನ್ನು ಯಾರೂ ಕಸಿಯುವುದಿಲ್ಲ. ಸ್ಕೇಟಿಂಗ್ ಮಾಡುವವನಿಗೆ ಮಂಜಿನ ಅಂಗಣ ಬೇಕು, ಮತ್ತು ಆ ದೇಶದಲ್ಲಿ ಅಂಗಣ ಸರಕಾರದ್ದು.

ಕೆಲವು ವರ್ಷ ಅವರು ಲೆನಿನ್‌ಗ್ರಾಡ್‌ನ ಐಸ್ ಬ್ಯಾಲೆ ಮಂಡಲಿಯಲ್ಲಿ ನರ್ತಿಸಿದರು. 1979ರಲ್ಲಿ ಆ ಮಂಡಲಿ ಸ್ವಿಟ್ಜರ್ಲೆಂಡಿಗೆ ಪ್ರವಾಸ ಹೋಯಿತು. ಬೋಲ್ಷೊಯ್‌ನ ನರ್ತಕ ಗೊಡುನೊವ್ ನ್ಯೂಯಾರ್ಕಿನಲ್ಲಿ ಆಶ್ರಯ ಬೇಡಿ ತಿಂಗಳಾಗಿತ್ತಷ್ಟೆ. ಸೆಪ್ಟೆಂಬರ್ 24ರಂದು ದಂಪತಿಗಳು ಸ್ವಿಸ್ ಅಧಿಕಾರಿಗಳ ಬಳಿಗೆ ಹೋಗಿ, ತಾವು ಮರಳುವುದಿಲ್ಲವೆಂದು ತಿಳಿಸಿದರು. ಆಗ ಆತನಿಗೆ ನಲವತ್ತೇಳು. ಆ ವಯಸ್ಸಿಗೆ ದೇಶ ಬಿಟ್ಟದ್ದು ರಾಜಕೀಯಕ್ಕಾಗಿ ಅಲ್ಲ, ಹಣಕ್ಕಾಗಿಯೂ ಮುಖ್ಯವಾಗಿ ಅಲ್ಲ; ನರ್ತಿಸುವುದನ್ನು ನಿಲ್ಲಿಸಲಾರದೆ ಎಂದೇ ನನ್ನ ಎಣಿಕೆ. ಮುಂದಿನ ಮೂವತ್ತೈದು ವರ್ಷಗಳ ನಡೆ ಅದಕ್ಕೆ ಸಾಕ್ಷಿ.

ಮಾಸ್ಕೋ ಸುಮ್ಮನಿರಲಿಲ್ಲ. ಅವರ ಬಿರುದುಗಳನ್ನು ಕಿತ್ತುಕೊಂಡಿತು. ಸೋವಿಯತ್ ದಾಖಲೆ ಪುಸ್ತಕಗಳಿಂದ ಅವರ ಹೆಸರುಗಳನ್ನು ತೆಗೆದುಹಾಕಿತು. ಇದರ ವಿಪರ್ಯಾಸವನ್ನು ನೋಡಿ: 1964ರಿಂದ 2006ರವರೆಗಿನ ಹನ್ನೆರಡು ಒಲಿಂಪಿಕ್ಸ್‌ಗಳಲ್ಲಿ ಜೋಡಿ ಸ್ಕೇಟಿಂಗಿನ ಚಿನ್ನ ಒಂದು ಸಲವೂ ತಪ್ಪದೆ ಆ ನಾಡಿನವರಿಗೇ ಬಂದಿತು, 2002ರಲ್ಲಿ ಮಾತ್ರ ಕೆನಡದೊಡನೆ ಹಂಚಿಕೊಳ್ಳಬೇಕಾಯಿತು. ಆ ಸರಪಳಿಯ ಮೊದಲ ಎರಡು ಕೊಂಡಿಗಳನ್ನು ಕಾಗದದ ಮೇಲೆ ಅಳಿಸಿದರೆ ಉಳಿದ ಸರಪಳಿ ಯಾವುದಕ್ಕೆ ತೂಗಬೇಕು? ಹೆಸರನ್ನು ಅಳಿಸಿದವರು ಅಂಚುಗಳನ್ನು ಅಳಿಸಲಾರದೆ ಹೋದರು. ಬೇರೆ ದೇಶದ ಜೋಡಿಗಳಂತೆ ಸೋವಿಯತ್ ಜೋಡಿಗಳೂ ಆ ಸುತ್ತುಗಳನ್ನು ಮಾಡುತ್ತಲೇ ಇದ್ದವು. ಇಂದಿನ ನಿಯಮಗಳಲ್ಲಿ ನಾಲ್ಕು ಬಗೆಗಳಿಗೂ ಸ್ಥಾನವಿದೆ. ಅಲ್ಲಿ ಅವನ್ನು ಅಂಚು ಮತ್ತು ದಿಕ್ಕುಗಳಿಂದ ಗುರುತಿಸುತ್ತಾರೆ, ಒಟ್ಟಾಗಿ ಸಾವಿನ ಸುತ್ತುಗಳೆಂದೇ ಕರೆಯುತ್ತಾರೆ. ಬದುಕು, ಒಲವು ಎಂಬ ಹೆಸರುಗಳು ಬಲ್ಲವರ ಬಾಯಲ್ಲಿ ಮಾತ್ರ ಇವೆ.

ಆಲ್ಪ್ಸ್ ಪರ್ವತದ ಮಡಿಲಿನ ಗ್ರಿಂಡೆಲ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಅವರು ನೆಲೆಸಿದರು. 1995ರಲ್ಲಿ ಸ್ವಿಸ್ ಪೌರತ್ವ ದೊರೆಯಿತು. ಮಕ್ಕಳಿರಲಿಲ್ಲ. 2003ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ಆಹ್ವಾನದ ಮೇರೆಗೆ ತಮ್ಮ ಊರಿಗೆ ಹೋಗಿ ಬಂದರು. ಅಷ್ಟರಲ್ಲಿ ಲೆನಿನ್‌ಗ್ರಾಡ್ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು, ಹೆಸರು ಅಳಿಸಿದ ಸರಕಾರವೇ ಅಳಿದುಹೋಗಿತ್ತು. ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿಗಳು ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥವಾಗಿ ನಡೆಸುವ ಪ್ರದರ್ಶನದಲ್ಲಿ ಇಬ್ಬರೂ ಮುಪ್ಪಿನಲ್ಲಿಯೂ ನರ್ತಿಸುತ್ತಿದ್ದರು. ಮೇಲೆತ್ತುವುದು, ನೆಗೆಯುವುದು ಎಲ್ಲ ಬಿಟ್ಟುಹೋಗಿತ್ತು. ಕೈ ಹಿಡಿದು ಉದ್ದಕ್ಕೆ ಜಾರುವ ಗೆರೆ ಉಳಿದಿತ್ತು. 2015ರಲ್ಲಿ, ಆತನಿಗೆ ಎಂಬತ್ತಮೂರು, ಆಕೆಗೆ ಎಂಬತ್ತು ಸಮೀಪಿಸಿದ್ದಾಗಲೂ ಅವರು ಪ್ರೇಕ್ಷಕರ ಮುಂದೆ ಮಂಜಿಗಿಳಿದರು. ಲುಡ್ಮಿಲಾ 2017ರ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಒಲೆಗ್ ಆರು ವರ್ಷ ಒಬ್ಬನೇ ಇದ್ದು, 2023ರ ಅಕ್ಟೋಬರ್ 31ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿಯೇ ಕಣ್ಣು ಮುಚ್ಚಿದ.